ಬಸವಲಿಂಗಪ್ಪನವರ ವಿಮಾನ

ಬಸವಲಿಂಗಪ್ಪನವರು ವಿಮಾನ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು ಎಂಬುದು ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಆ ಅಡ್ಡರಸ್ತೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಲ್ಲಿ ಅವರು ಏನು ಕೆಲಸ ಮಾಡುತ್ತಿದ್ದರು ಎಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಕೇಳಿದರೆ, ಸ್ಟೋರ್ಸ್‌ನಲ್ಲಿದ್ದೆ ಎಂದು ಹೇಳಿ, ಇದಕ್ಕಿಂತ ಹೆಚ್ಚು ಹೇಳುವಂತಿಲ್ಲ ಎನ್ನುವ ಹಾಗೆ ಒಮ್ಮೆ ಕೆಮ್ಮುತ್ತಿದ್ದರು. ಅದು ಸುಳ್ಳೇನಲ್ಲ. ಅವರಿದ್ದದ್ದು ಸ್ಟೋರ್ಸಿನಲ್ಲೇ. ಆದರೆ ಅದು ಕ್ಯಾಂಟೀನಿನ ಸ್ಟೋರ್ಸು. ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ತೂಗಿ ಅಡುಗೆಯವರಿಗೆ ಕೊಡುವುದು ಅವರ ಕೆಲಸವಾಗಿತ್ತು. ಇಡೀ ಸರ್ವೀಸಿನಲ್ಲಿ ಅವರು ವಿಮಾನವೊಂದನ್ನು ಹತ್ತಿರದಿಂದ ಕಂಡದ್ದು ಒಂದು ಆಯುಧಪೂಜೆಯ ದಿನ, ಹ್ಯಾಂಗರಿಗೆ ಕಡಲೆಪುರಿಯ ಮೂಟೆ ತಲುಪಿಸಲು ಹೋದಾಗ. ಅಂದೂ ಕಾವಲಿನವನು ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಮೂಟೆಯನ್ನಷ್ಟೇ ಒಳಗೆ ಬಿಟ್ಟಿದ್ದ.

ಇಷ್ಟಿದ್ದೂ ಅವರು ಬೀದಿಯಲ್ಲಿ ಗೌರವಸ್ಥರಾಗಿಯೇ ಬಾಳಿದರು. ಆ ವಿಮಾನವೊಂದು ಬಾರದೇ ಹೋಗಿದ್ದರೆ ಗೌರವಸ್ಥರಾಗಿಯೇ ಹೋಗಿಬಿಡುತ್ತಿದ್ದರು ಕೂಡ.

ವಿಮಾನ ಬಂದದ್ದು ತಿಂಡಿಯ ಹೊತ್ತಿಗೆ. ಬಿಳಿ ಬಣ್ಣದ್ದು, ಮೂಗಿನ ತುದಿಯಲ್ಲಿ ಫ್ಯಾನಿನಂತೆ ರೆಕ್ಕೆ ತಿರುಗುವ ಸಣ್ಣ ವಿಮಾನ. ಮಾಗಡಿ ರಸ್ತೆಯ ಕಡೆಯಿಂದ ಬಂದು, ಕೆರೆಯ ಮೇಲೆ ಎಡಕ್ಕೆ ವಾಲಿ, ಮನೆಗಳ ನೀರಿನ ಟ್ಯಾಂಕುಗಳ ಮೇಲೆ ಗುಡುಗುಡು ಎನ್ನುತ್ತ ಒಂದು ಸುತ್ತು ಹಾಕಿತು. ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಬಂತು. ಹೀಗೇ ಊಟದ ಹೊತ್ತಿನವರೆಗೆ ಸುತ್ತಿತು. ಮೊದಲ ದಿನ ಜನ ಮಕ್ಕಳನ್ನೆತ್ತಿಕೊಂಡು ಟೆರೇಸು ಹತ್ತಿ ಕೈಬೀಸಿದರು. ಮಾರನೆಯ ದಿನ ಟೀವಿ ಸೀರಿಯಲ್‌ನ ಮಾತು ಕೇಳಿಸುತ್ತಿಲ್ಲವೆಂದು ಬೈದರು. ಅದರ ಮಾರನೆಯ ದಿನವೂ ಅದು ಬಂದಾಗ ಬೀದಿಯವರು ಕೆಲಸ ಬಿಟ್ಟು ಹೊರಬಂದರು. ಸುಮ್ಮನೆ ಕತ್ತೆತ್ತಿ ನೋಡಿದರು. ಆಮೇಲೆ ಎಲ್ಲರೂ ಒಟ್ಟಿಗೆ ಬಸವಲಿಂಗಪ್ಪನವರ ಟೆರೇಸಿನ ಕಡೆ ನೋಡಿದರು.

ಬಸವಲಿಂಗಪ್ಪನವರು ಆಗ ಲುಂಗಿ ಮೇಲಕ್ಕೆ ಕಟ್ಟಿಕೊಂಡು ಹೆಂಡತಿ ಜಗದಾಂಬಾ ಹಿಂಡಿಕೊಟ್ಟ ಬಟ್ಟೆಗಳನ್ನು ಹಗ್ಗಕ್ಕೆ ಹರವುತ್ತಿದ್ದರು. ಪಕ್ಕದ ಟೆರೇಸಿನ ಅಂಜಿನಯ್ಯ ಕೈಪಿಡಿಗೋಡೆಗೆ ಒರಗಿ ಮೊದಲ ಪ್ರಶ್ನೆ ಕೇಳಿದ. ಈ ಅಂಜಿನಯ್ಯ ಊರಿನ ಮೂಲ ಒಕ್ಕಲು. ಅವನ ಅಜ್ಜ ಉತ್ತ ಗದ್ದೆಯ ಮೇಲೆ ಈಗ ಈ ಬೀದಿಯ ಅರ್ಧ ಮನೆಗಳಿದ್ದವು. ಮಿಕ್ಕ ಜಾಗದಲ್ಲಿ ನಾಲ್ಕು ವಠಾರದ ಮನೆ ಕಟ್ಟಿ ಬಾಡಿಗೆಗೆ ಕೊಟ್ಟು, ಹಿಂದುಗಡೆ ಹಸುಗಳಿಗೆ ಕೊಟ್ಟಿಗೆ ಮಾಡಿಕೊಂಡಿದ್ದ.

“ಏನ್ ಸಾರ್ ಅದು, ಇಲ್ಲೇ ಸುತ್ತುತಾ ಐತೆ? ನಿಮ್ ಕಾರ್ಖಾನೇದೇನಾ?”

ಗೊತ್ತಿಲ್ಲ ಎನ್ನಬಹುದಿತ್ತು. ಕನ್ನಡದಲ್ಲಿ ಅದು ಅಂಥ ಕಷ್ಟದ ಮಾತೂ ಅಲ್ಲ. ಆದರೆ ಬಸವಲಿಂಗಪ್ಪನವರ ಹೆಗಲ ಮೇಲೆ ಒದ್ದೆ ಲಂಗವಿತ್ತು, ಸೊಂಟದಲ್ಲಿ ಬಟ್ಟೆಯ ಕ್ಲಿಪ್ಪುಗಳಿದ್ದವು. ಇಂಥ ಸ್ಥಿತಿಯಲ್ಲಿರುವ ಮನುಷ್ಯನಿಗೆ ಮರ್ಯಾದೆಯ ಅಗತ್ಯ ಸಾಮಾನ್ಯಕ್ಕಿಂತ ಹೆಚ್ಚು. ಅವರು ಲಂಗವನ್ನು ಕೆಳಗಿಟ್ಟು, ಹುಬ್ಬಿಗೆ ಕೈ ಅಡ್ಡ ಹಿಡಿದು, ವಿಮಾನ ಪೂರ್ತಿ ಒಂದು ಸುತ್ತು ಮುಗಿಸುವವರೆಗೂ ನೋಡಿದರು.

“ಸರ್ವೇ” ಎಂದರು.

ಸರ್ವೇ ಅಂದರೆ ಏನೆಂದು ಅಂಜಿನಯ್ಯ ಕೇಳಿದ. ಮೇಲಿನಿಂದ ಫೋಟೋ ತೆಗೆಯುತ್ತಾರೆ, ಒಂದಿಂಚು ಜಾಗವನ್ನೂ ಬಿಡುವುದಿಲ್ಲ ಎಂದು ಬಸವಲಿಂಗಪ್ಪನವರು ವಿವರಿಸಿದರು. ಅಂಜಿನಯ್ಯನ ಮುಖ ಸಣ್ಣಗಾಯಿತು. ಅವನ ಕೊಟ್ಟಿಗೆ ರಾಜಕಾಲುವೆಯ ಮೇಲಿತ್ತು. ಬೀದಿಯ ನೀರೆಲ್ಲ ಕೆರೆಗೆ ಹರಿಯಲೆಂದು ಹಿಂದಿನವರು ಬಿಟ್ಟ ಆ ಕಾಲುವೆಯ ಮೇಲೆ ಒಂದಲ್ಲ ಒಂದು ಕಟ್ಟಿಕೊಳ್ಳದವರು ಆ ಬೀದಿಯಲ್ಲಿ ಕಡಿಮೆ. ಅವನು ದಡದಡ ಮೆಟ್ಟಿಲಿಳಿದು ಹೋದ.

ಎದುರು ಮನೆಯ ಶಶಿಕಲಾ ಬೀದಿಯ ವಾಟ್ಸಾಪ್ ಗುಂಪನ್ನು ನಡೆಸುತ್ತಿದ್ದಳು. ಮಧ್ಯಾಹ್ನದೊಳಗೆ ಬಸವಲಿಂಗಪ್ಪನವರು ಆ ಗುಂಪಿನಲ್ಲಿ ನಿವೃತ್ತ ಅಧಿಕಾರಿಗಳಾಗಿದ್ದರು. ಸಂಜೆಯ ಹೊತ್ತಿಗೆ ಸಂದೇಶ ಪಕ್ಕದ ಬೀದಿಗಳನ್ನು ಸುತ್ತಿ ಬರುವಾಗ ವಿಜ್ಞಾನಿಗಳಾಗಿದ್ದರು. ಒತ್ತುವರಿ ತೆರವಿಗೆ ಸರ್ಕಾರ ವಿಮಾನ ಬಿಟ್ಟಿದೆಯೆಂದೂ, ಕೆರೆಯ ಸುತ್ತ ಒಂದು ಮನೆಯೂ ಉಳಿಯುವುದಿಲ್ಲವೆಂದೂ ಅದರಲ್ಲಿತ್ತು. ಇಷ್ಟನ್ನೂ ತಾವು ಹೇಳಿದ್ದು ಯಾವಾಗ ಎಂದು ಬಸವಲಿಂಗಪ್ಪನವರು ಯೋಚಿಸಿದರು. ಹೇಳಿರಲಿಲ್ಲ. ಆದರೆ ಓದಲು ಚೆನ್ನಾಗಿತ್ತು.

ಮಗಳು ವಚನಾಗೆ ಮೊದಲಿನಿಂದಲೂ ಅನುಮಾನ. ವಿಮಾನಗಳ ಹೆಸರು, ಊರು ತೋರಿಸುವ ಆ್ಯಪನ್ನು ಫೋನಿನಲ್ಲಿ ಹಾಕಿಕೊಂಡು ಗೇಟಿನ ಬಳಿ ನಿಂತು ನೋಡಿದಳು. ಮುಂಬೈಗೆ ಹೋಗುವುದು ತೋರಿಸಿತು, ದುಬೈಯಿಂದ ಬರುವುದು ತೋರಿಸಿತು. ತಲೆಯ ಮೇಲೆ ಸುತ್ತುತ್ತಿದ್ದದ್ದು ಮಾತ್ರ ಇರಲಿಲ್ಲ. ಇದರಲ್ಲಿ ಇಲ್ಲವೇ ಇಲ್ಲ ಅಪ್ಪ, ಇನ್ನು ನಿಮಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳಿದಳು.

“ಇಂಥದ್ದನ್ನ ತೋರಿಸಲ್ಲಮ್ಮ” ಎಂದರು ಬಸವಲಿಂಗಪ್ಪನವರು.

ಹಾಲಿನ ಪ್ಯಾಕೆಟ್ಟು ಹಿಡಿದು ಗೇಟಿನಾಚೆ ನಿಂತಿದ್ದ ಶಶಿಕಲಾ ಅದನ್ನು ಕೇಳಿಸಿಕೊಂಡಳು. ಆ್ಯಪಿಗೂ ಸಿಗದ ರಹಸ್ಯ ವಿಮಾನ ಎಂಬ ಸಂಗತಿ ಹಾಲು ಕಾಯುವ ಮುಂಚೆ ಗುಂಪಿಗೆ ತಲುಪಿತು.

ಆಮೇಲೆ ಬೀದಿಯವರು ಆಕಾಶದಿಂದ ಮನೆ ಮುಚ್ಚಿಡುವ ಕೆಲಸಕ್ಕೆ ಕೈಹಾಕಿದರು. ಅಂಜಿನಯ್ಯ ಕೊಟ್ಟಿಗೆಯ ಶೀಟಿನ ಮೇಲೆ ತೆಂಗಿನಗರಿ ಹೊದಿಸಿ ಅದನ್ನು ತೋಟ ಮಾಡಿದ. ಹಸುಗಳು ಎರಡು ದಿನದಲ್ಲಿ ಆ ತೋಟದ ಅಂಚನ್ನೆಲ್ಲ ಮೇಯ್ದು ಮುಗಿಸಿದವು. ಅವನು ಮತ್ತೆ ಹೊದಿಸಿದ. ಶಶಿಕಲಾ ರಸ್ತೆಗೆ ಚಾಚಿದ್ದ ತನ್ನ ಮನೆಯ ಮೆಟ್ಟಿಲುಗಳ ಮೇಲೆಲ್ಲ ತುಳಸಿ ಕುಂಡ ಜೋಡಿಸಿದ್ದರಿಂದ ಮನೆಯವರು ಒಳಗೆ ಹೋಗಬೇಕಾದರೆ ಪಕ್ಕದ ಮನೆಯ ಕಾಂಪೌಂಡು ಹಾರಬೇಕಾಯಿತು. ಹಪ್ಪಳ ಸಂಡಿಗೆ ಒಣಗಿಸುವುದು ನಿಂತಿತು. ಫೋಟೋ ತೆಗೆಯುತ್ತಾರೆಂದು ಕೆಲವು ಹೆಂಗಸರು ಟೆರೇಸಿಗೆ ಹೋಗುವುದನ್ನೇ ಬಿಟ್ಟರು, ಮತ್ತೆ ಕೆಲವರು ತಲೆ ಬಾಚಿ ಹೂ ಮುಡಿದು ಹೋಗತೊಡಗಿದರು. ಪ್ರತಿಯೊಂದಕ್ಕೂ ಜನ ಬಸವಲಿಂಗಪ್ಪನವರ ಸಲಹೆ ಕೇಳಿದರು. ನೀಲಿ ಟಾರ್ಪಾಲು ಮೇಲಿನಿಂದ ಕಾಣುತ್ತದೆ, ಹಸಿರಾದರೆ ಕಾಣುವುದಿಲ್ಲ ಎಂದು ಒಬ್ಬರಿಗೆ ಅಂದರು. ಮಾರನೆಯ ದಿನ ನಾಗರಬಾವಿಯ ಯಾವ ಅಂಗಡಿಯಲ್ಲೂ ಹಸಿರು ಟಾರ್ಪಾಲು ಸಿಗಲಿಲ್ಲ.

ಆ ದಿನಗಳಲ್ಲಿ ಬಸವಲಿಂಗಪ್ಪನವರು ಸುಖವಾಗಿದ್ದರು ಎಂದರೆ ತಪ್ಪಲ್ಲ. ಜಗದಾಂಬಾ ಕೂಡ ಬಟ್ಟೆ ಹರವಲು ಅವರನ್ನು ಕರೆಯುವುದನ್ನು ನಿಲ್ಲಿಸಿದ್ದರು.

ಸುಖಕ್ಕೆ ಮೊದಲ ಕಲ್ಲು ಬಿದ್ದದ್ದು ಕೆಂಗೇರಿ ಉಪನಗರದಿಂದ. ಅಲ್ಲಿನ ಅಮರೇಶ ಎಂಬವರ ಮಗನಿಗೂ ವಚನಾಗೂ ಮಾತುಕತೆ ಮುಗಿದು, ಶ್ರಾವಣದಲ್ಲಿ ಬಸವಲಿಂಗಪ್ಪನವರ ಮನೆಯ ಹಾಲ್‌ನಲ್ಲೇ ನಿಶ್ಚಿತಾರ್ಥ ಎಂದು ತೀರ್ಮಾನವಾಗಿತ್ತು. ಹುಡುಗ ದಿನಾ ಸಂಜೆ ಫೋನು ಮಾಡುತ್ತಿದ್ದ. ವಚನಾ ಫೋನು ಹಿಡಿದು ಟೆರೇಸಿಗೆ ಹೋದರೆ ಕೆಳಗಿಳಿಯುವಾಗ ಮುಖ ಬೇರೆಯೇ ಆಗಿರುತ್ತಿತ್ತು. ಅಮರೇಶ ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದವರು. ಎದುರಿಗಿರುವುದು ಮನೆಯೋ ಮನುಷ್ಯನೋ, ಅಡಮಾನಕ್ಕೆ ಯೋಗ್ಯವೇ ಎಂದು ನೋಡುವ ಅಭ್ಯಾಸ ಅವರಿಗಿತ್ತು. ಒಂದು ದಿನ ಅವರೇ ಫೋನು ಮಾಡಿ, ನಿಮ್ಮ ಕಡೆ ಮನೆಗಳನ್ನೆಲ್ಲ ಒಡೆಯುತ್ತಾರಂತೆ, ನಮ್ಮ ವಾಕಿಂಗ್ ಗುಂಪಿನಲ್ಲಿ ಯಾರೋ ವಿಜ್ಞಾನಿ ಹೇಳಿದ್ದಾರೆಂದು ಬಂದಿದೆ ಎಂದರು. ನಮ್ಮ ಮನೆಗೇನೂ ಆಗುವುದಿಲ್ಲ, ನಾನು ಅವರನ್ನು ಕೇಳಿದ್ದೇನೆ ಎಂದರು ಬಸವಲಿಂಗಪ್ಪನವರು. ಯಾರನ್ನು ಎಂದು ಅಮರೇಶ ಕೇಳಿದರು. ಬಸವಲಿಂಗಪ್ಪನವರು ಕೆಮ್ಮಿದರು.

ಹೀಗೆ ಅವರಿಗೆ ಮೇಲಿನವರ ಪರಿಚಯವಿದೆ ಎಂಬ ಮಾತು ಹುಟ್ಟಿತು. ಜಗದಾಂಬಾ ಅದನ್ನು ಸಂತೋಷದಿಂದ ಶಶಿಕಲಾಗೆ ಹೇಳಿದರು. ಮರುದಿನವೇ ಬೀದಿಯವರೆಲ್ಲ ಸೇರಿ, ವಾರ್ಡ್ ಆಫೀಸಿಗೆ ಹೋಗಿ ಬೇಡಿಕೊಳ್ಳೋಣ, ನೀವು ಮುಂದೆ ನಿಲ್ಲಿ ಎಂದು ಬಂದು ನಿಂತರು. ಬಸವಲಿಂಗಪ್ಪನವರು ಮಂಡಿನೋವು ಎಂದರು. ಅಂಜಿನಯ್ಯ ಆಟೋ ತಂದ.

ವಾರ್ಡ್ ಆಫೀಸಿನ ಎಂಜಿನಿಯರ್ ನಾಗಭೂಷಣ್ ಸಾಧು ಸ್ವಭಾವದ ಮನುಷ್ಯ. ಅಂದು ಬೀದಿದೀಪದ ದೂರೊಂದನ್ನು ಇನ್ನೊಂದು ವಿಭಾಗಕ್ಕೆ ದಾಟಿಸುವ ಕೆಲಸದಲ್ಲಿದ್ದರು. ಬಸವಲಿಂಗಪ್ಪನವರು ನಾಗರಿಕರ ಆತಂಕ, ತಾಂತ್ರಿಕ ಅಂಶಗಳು ಎಂದೇನೋ ಪೀಠಿಕೆ ಹಾಕುತ್ತಿದ್ದಂತೆ ಅಂಜಿನಯ್ಯನಿಗೆ ತಡೆಯಲಾಗಲಿಲ್ಲ.

“ಸಾರ್, ನಮ್ ಕೊಟ್ಟಿಗೆ ಪೂರ್ತಿ ಕಾಲುವೆ ಮ್ಯಾಲಿಲ್ಲ ಸಾರ್. ಅರ್ಧ ಮಾತ್ರ. ಫೋಟೋದಲ್ಲಿ ಜಾಸ್ತಿ ಕಂಡಿರ್ತದೆ.”

ನಾಗಭೂಷಣ್ ಅವರ ಪೆನ್ನು ನಿಂತಿತು. ಯಾವ ಕಾಲುವೆ ಎಂದು ಮೆಲ್ಲಗೆ ಕೇಳಿದರು. ರಾಜಕಾಲುವೆ ಎಂದು ಐದಾರು ಜನ ಒಟ್ಟಿಗೆ ಹೇಳಿದರು. ನಾಗಭೂಷಣ್ ಎಲ್ಲರಿಗೂ ಕುರ್ಚಿ ಹಾಕಿಸಿದರು. ಟೀ ತರಿಸಿದರು. ಸರ್ಕಾರಿ ಕಚೇರಿಯಲ್ಲಿ ಕೇಳದೆ ಟೀ ಬಂದರೆ ಹೆದರಬೇಕು ಎಂಬುದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಒಬ್ಬೊಬ್ಬರೂ ತಮ್ಮ ತಮ್ಮ ಮೆಟ್ಟಿಲು, ಶೆಡ್ಡು, ಸಂಪು, ಬಚ್ಚಲುಮನೆ ಯಾವುದರ ಮೇಲೆ ಎಷ್ಟು ಬಂದಿದೆ ಎಂದು ಬಿಚ್ಚಿ ಹೇಳಿದರು. ಮರೆತದ್ದನ್ನು ಪಕ್ಕದವರು ನೆನಪಿಸಿದರು. ಕೊನೆಗೆ ನಾಗಭೂಷಣ್, ಈ ಸರ್ವೇ ವಿಷಯ ನಿಮಗೆ ಹೇಳಿದ್ದು ಯಾರು ಎಂದರು. ಅಷ್ಟೂ ಜನ ಬಸವಲಿಂಗಪ್ಪನವರ ಕಡೆ ಕೈ ತೋರಿಸಿದರು.

ನಾಗಭೂಷಣ್ ಅವರಿಗೆ ಯಾವ ಸರ್ವೆಯ ಸುದ್ದಿಯೂ ಇರಲಿಲ್ಲ. ತಮ್ಮ ವಾರ್ಡಿನ ಒತ್ತುವರಿಯನ್ನು ತಮಗೆ ತಿಳಿಸದೆ ಇನ್ನೊಂದು ಇಲಾಖೆ ವಿಮಾನದಲ್ಲಿ ಬಂದು ಪತ್ತೆ ಮಾಡುತ್ತಿದೆ, ಅವರ ವರದಿ ಮೊದಲು ಮೇಲಕ್ಕೆ ಹೋದರೆ ತಮ್ಮ ಗತಿಯೇನು ಎಂದು ಆ ಸಾಧು ಮನುಷ್ಯ ಬೆವರಿದರು. ನಾಳೆ ಬೆಳಿಗ್ಗೆ ನಾನೇ ಬಂದು ಅಳೆಯುತ್ತೇನೆ ಎಂದು ಜನರಿಗೆ ಮಾತು ಕೊಟ್ಟರು. ಜನ ಚಪ್ಪಾಳೆ ತಟ್ಟಿದರು.

ಚಪ್ಪಾಳೆ ತಟ್ಟದೆ ಹೊರಬಂದವರು ಬಸವಲಿಂಗಪ್ಪನವರೊಬ್ಬರೇ. ಅವರು ಮನೆಗೆ ಹೋಗದೆ ನೇರ ಬಸವೇಶ್ವರನಗರದ ಬಸ್ಸು ಹತ್ತಿದರು. ಕಾರ್ಖಾನೆಯಲ್ಲಿ ನಿಜವಾಗಿ ವಿಮಾನ ಕಟ್ಟುತ್ತಿದ್ದ ಮಹದೇವ್ ಎಂಬ ಎಂಜಿನಿಯರು ಅಲ್ಲಿದ್ದರು. ವಚನಾ ತೆಗೆದು ತಮ್ಮ ಫೋನಿಗೆ ಕಳಿಸಿದ್ದ ವಿಮಾನದ ಫೋಟೋವನ್ನು ಅವರ ಮುಂದೆ ಹಿಡಿದು, ಇದು ಸರ್ವೆಯ ವಿಮಾನವೇ ಅಲ್ಲವೇ ಎಂದು ಕೇಳಿದಾಗ ಬಸವಲಿಂಗಪ್ಪನವರ ದನಿಯಲ್ಲಿ ಬೇಡಿಕೆಯಿತ್ತು. ಮಹದೇವ್ ಕನ್ನಡಕ ಏರಿಸಿ ನೋಡಿ ನಕ್ಕರು.

“ಟ್ರೈನಿಂಗ್ ವಿಮಾನ ಕಣ್ರೀ ಇದು. ಯಾವನೋ ಹುಡುಗ ಕಲೀತಾ ಇದಾನೆ. ಮೇಲಿಂದ ಕೆರೆ ಚೆನ್ನಾಗಿ ಕಾಣುತ್ತಲ್ಲ, ಅದನ್ನ ಗುರುತಿಟ್ಕೊಂಡು ಎಡಕ್ಕೆ ತಿರುಗಿಸೋದು ಪ್ರಾಕ್ಟೀಸ್ ಮಾಡ್ತಾನೆ.”

ಕ್ಯಾಮರಾ ಇರುವುದಿಲ್ಲವೇ ಎಂದು ಬಸವಲಿಂಗಪ್ಪನವರು ಕೇಳಿದರು. ಅವನಿಗೆ ನೆಟ್ಟಗೆ ಹಾರುವುದೇ ಕಷ್ಟ, ಇನ್ನು ಕ್ಯಾಮರಾ ಎಲ್ಲಿ ನೋಡುತ್ತಾನೆ ಎಂದರು ಮಹದೇವ್. ಆಮೇಲೆ ಕಾಫಿ ಕೊಟ್ಟು, ನೀವು ಸ್ಟೋರ್ಸ್‌ನಲ್ಲಿದ್ದಾಗಿನ ಹುಳಿಯ ರುಚಿ ಆಮೇಲೆ ಬರಲೇ ಇಲ್ಲ ಎಂದು ಹೊಗಳಿದರು. ಬಸವಲಿಂಗಪ್ಪನವರ ಬದುಕಿನ ಒಂದೇ ಒಂದು ನಿಜವಾದ ಪ್ರಶಂಸೆ ಅದು. ಅದನ್ನು ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅರ್ಧ ಕಾಫಿ ಬಿಟ್ಟು ಓಡಿದರು.

ಬೀದಿಗೆ ಬಂದು ಅವರು ಎಲ್ಲರನ್ನೂ ಅಂಜಿನಯ್ಯನ ಜಗಲಿಯ ಮುಂದೆ ಸೇರಿಸಿ ನಡೆದದ್ದನ್ನು ಹೇಳಿದರು. ಅದು ಕಲಿಯುವವರ ವಿಮಾನ, ಸರ್ವೆಯೂ ಇಲ್ಲ ಏನೂ ಇಲ್ಲ, ವಾರ್ಡ್ ಎಂಜಿನಿಯರಿಗೆ ಬರಬೇಡಿ ಎಂದು ಈಗಲೇ ಹೇಳಿಬಿಡೋಣ ಎಂದರು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಕಲ್‌ಗೆ ಮೇಲಿಂದ ಪ್ರೆಷರ್ ಬಂದಿದೆ ಎಂದು ಶಶಿಕಲಾ ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಎಲ್ಲರಿಗೂ ಕೇಳಿಸಿತು. ಬಸವಲಿಂಗಪ್ಪನವರಿಗೆ ಕಣ್ಣಲ್ಲಿ ನೀರು ಬಂತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಅವರು ತಾವಿದ್ದದ್ದು ಕ್ಯಾಂಟೀನಿನಲ್ಲಿ, ತೂಗಿದ್ದು ತೊಗರಿಬೇಳೆ, ವಿಮಾನದ ಬಾಲ ಯಾವುದು ಮೂಗು ಯಾವುದು ಎಂಬುದೂ ತಮಗೆ ಸರಿಯಾಗಿ ತಿಳಿಯದು ಎಂದು ಹೇಳಿಬಿಟ್ಟರು.

ಅಂಜಿನಯ್ಯ ಎದ್ದು ಬಂದು ಅವರ ಎರಡೂ ಕೈ ಹಿಡಿದುಕೊಂಡ.

“ಬ್ಯಾಡಿ ಸಾರ್. ನಮಗೋಸ್ಕರ ನಿಮ್ಮನ್ನ ನೀವು ಅಷ್ಟು ಕೆಳಗಿಳಿಸ್ಕೋಬ್ಯಾಡಿ.”

ಬೆಳಿಗ್ಗೆ ನಾಗಭೂಷಣ್ ಟೇಪು, ಸುಣ್ಣ, ಕೆಂಪು ಬಣ್ಣದ ಡಬ್ಬಿ, ಊರಿನ ಹಳೆಯ ನಕ್ಷೆಯೊಂದಿಗೆ ಬಂದರು. ಕಾಲುವೆ ಎಲ್ಲಿದೆ ಎಂದು ಬೀದಿಗೆಲ್ಲ ಗೊತ್ತಿತ್ತು. ನಕ್ಷೆಗೆ ಬೇರೆ ಗೊತ್ತಿತ್ತು. ಬಡಾವಣೆ ಮಾಡಿದವನು ಯಾವ ಕಾಲದಲ್ಲೋ ನಿಜವಾದ ಕಾಲುವೆಯನ್ನು ಮಣ್ಣು ಹಾಕಿ ಮುಚ್ಚಿ, ಪಕ್ಕಕ್ಕೆ ಒಂದು ಚರಂಡಿ ತೋಡಿ ಅದನ್ನೇ ಕಾಲುವೆಯೆಂದು ನಂಬಿಸಿ ಸೈಟು ಮಾರಿ ಹೋಗಿದ್ದ. ಟೇಪು ಅಂಜಿನಯ್ಯನ ಕೊಟ್ಟಿಗೆಯ ಒಂದು ಕಂಬವನ್ನಷ್ಟೇ ಸವರಿ ಮುಂದೆ ಹೋಯಿತು. ಶಶಿಕಲಾ ಮನೆಯ ಮೆಟ್ಟಿಲಲ್ಲಿ ಎರಡನ್ನು ಕೇಳಿತು. ನಂತರ ರಸ್ತೆ ದಾಟಿ, ಬಸವಲಿಂಗಪ್ಪನವರ ಗೇಟಿನಲ್ಲಿ ನುಗ್ಗಿ, ಬಾಗಿಲು ಹೊಕ್ಕು, ಹಾಲ್‌ನ ನಡುವೆ ಟೀವಿ ಸ್ಟ್ಯಾಂಡಿನ ಬುಡದಲ್ಲಿ ನಿಂತಿತು.

ಆಳು ಬಂದು ಹಾಲ್‌ನ ನೆಲದ ಮೇಲೆ ಕೆಂಪು ಗೆರೆ ಎಳೆದ. ಜಗದಾಂಬಾ ಅವನಿಗೆ, ಈಗಷ್ಟೇ ಒರೆಸಿದ್ದೇನಪ್ಪ, ನಿಧಾನ ಎಂದರು. ವಿಷಯ ಅವರಿಗಿನ್ನೂ ಇಳಿದಿರಲಿಲ್ಲ.

ತಮ್ಮ ಕಡೆಯ ತಪ್ಪಿಲ್ಲ, ದುಡ್ಡು ಕೊಟ್ಟು ಕೊಂಡ ಸೈಟು ಎಂದು ಬಸವಲಿಂಗಪ್ಪನವರು ಗೋಗರೆದರು. ನಾಗಭೂಷಣ್ ಅವರಿಗೂ ನಿಜವಾಗಿ ಬೇಸರವಾಗಿತ್ತು.

“ನಮಗೆ ಯಾವ ಒತ್ತುವರೀನೂ ಗೊತ್ತಿರ್ಲಿಲ್ಲ ಸಾರ್. ನೀವೇ ಕರ್ಕೊಂಡು ಬಂದು ಹೇಳಿಸಿದ್ರಿ.”

ಮೊದಲ ನೋಟಿಸು ಬಂತು, ಎರಡನೆಯದು ಬಂತು. ವಕೀಲರು ಕಾಗದಗಳನ್ನೆಲ್ಲ ನೋಡಿ ಉಳಿದ ಅರ್ಧ ಮನೆ ಗಟ್ಟಿಯಾಗಿದೆ ಎಂದು ಸಮಾಧಾನ ಹೇಳಿದರು. ಅಮರೇಶ ಒಂದು ಭಾನುವಾರ ತಾವೇ ನೋಡಲು ಬಂದರು. ಕೆಂಪು ಗೆರೆಯಿಂದ ಒಳಗಿದ್ದ ಕುರ್ಚಿಯನ್ನು ಆರಿಸಿಕೊಂಡು ಕೂತು ಕಾಫಿ ಕುಡಿದರು. ಹುಡುಗನಿಗೆ ಇನ್ನೊಂದು ವರ್ಷ ಹೋಗಲಿ ಅನ್ನಿಸುತ್ತಿದೆ ಎಂದರು. ಯಾವ ವರ್ಷ ಎಂದು ಹೇಳಲಿಲ್ಲ. ಅಂದಿನಿಂದ ಸಂಜೆಯ ಫೋನೂ ನಿಂತಿತು. ವಚನಾ ಮಾತ್ರ ಆ ಹೊತ್ತಿಗೆ ಟೆರೇಸಿಗೆ ಹೋಗಿ, ಒಣಗದ ಬಟ್ಟೆಗಳನ್ನು ಮುಟ್ಟಿ ನೋಡಿ ಬರುತ್ತಿದ್ದಳು. ಒಂದು ದಿನ ಕೆಳಗಿಳಿದು ಬಂದವಳು ಅಪ್ಪನ ಎದುರು ನಿಂತಳು.

“ಅಪ್ಪಾ, ಅವತ್ತು ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?”

ಅವರು ಕೆಮ್ಮಲಿಲ್ಲ. ತಲೆ ತಗ್ಗಿಸಿದರು. ವಚನಾ ಒಳಗೆ ಹೋಗಿ ಅಮ್ಮನಿಗೆ ಸೊಪ್ಪು ಬಿಡಿಸಿಕೊಡಲು ಕೂತಳು.

ಜೆಸಿಬಿ ಬಂದ ದಿನ ಬೀದಿಯವರೆಲ್ಲ ನೆರೆದಿದ್ದರು. ಸೋಫಾ, ಟೀವಿ, ದೇವರ ಫೋಟೋಗಳನ್ನು ಹಿಂದಿನ ಕೋಣೆಗೆ ಸಾಗಿಸಲು ಎಲ್ಲರೂ ಕೈಹಚ್ಚಿದರು. ಗೋಡೆ ಕುಸಿದಾಗ ಅಂಜಿನಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಇಷ್ಟು ದೊಡ್ಡ ಬೀದಿಯಲ್ಲಿ ಇವರ ಮನೆಯೊಂದೇ ಹೀಗೆ ಹೋದದ್ದೇಕೆ ಎಂಬುದಕ್ಕೆ ಜನ ಆಗಲೇ ಕಾರಣ ಕಂಡುಕೊಂಡಿದ್ದರು. ಮೇಲಿನವರ ಹತ್ತಿರ ಮಾತಾಡಿ, ನನ್ನದನ್ನು ತೆಗೆದುಕೊಳ್ಳಿ, ಇವರದ್ದನ್ನು ಬಿಡಿ ಎಂದು ಸಾರ್ ಒಪ್ಪಂದ ಮಾಡಿಕೊಂಡಿದ್ದಾರೆ. ಬಸವಲಿಂಗಪ್ಪನವರು ಅಲ್ಲಗಳೆದಷ್ಟೂ ಆ ಮಾತು ಬಲವಾಯಿತು. ಶಶಿಕಲಾ ಗುಂಪಿನಲ್ಲಿ ಅವರ ಫೋಟೋ ಹಾಕಿ ಕೈಮುಗಿದಳು. ಕೆಲವರು ಅದನ್ನು ತಪ್ಪಾಗಿ ತಿಳಿದು ಓಂ ಶಾಂತಿ ಎಂದು ಕಳಿಸಿದರು.

ಈ ಗಲಾಟೆಯಲ್ಲಿ ವಿಮಾನ ಬರುವುದು ಯಾವಾಗ ನಿಂತಿತೆಂದು ಯಾರೂ ಗಮನಿಸಿರಲಿಲ್ಲ. ಕಲಿಯುತ್ತಿದ್ದವನು ಪಾಸಾಗಿರಬೇಕು.

ಅದಾಗಿ ಕೆಲವು ದಿನಕ್ಕೆ, ಬಸವಲಿಂಗಪ್ಪನವರು ಉಳಿದ ಅರ್ಧ ಹಾಲ್‌ನಲ್ಲಿ ಬೀದಿಗೆ ಮುಖ ಮಾಡಿ ಕೂತಿದ್ದಾಗ ಟೆಂಪೋ ಒಂದು ಬಂದು ನಿಂತಿತು. ಏಳೆಂಟು ಜನ ಇಳಿದರು. ಎಳನೀರಿನ ಗೊನೆಯನ್ನು ಅವರ ಕಾಲ ಬಳಿ ಇಳಿಸಿ, ಮುಂದಿದ್ದ ಹಿರಿಯರು ಕೈಮುಗಿದರು. ತಾವು ಲಗ್ಗೆರೆಯವರೆಂದೂ, ಎಲ್ಲರೂ ಪೀಣ್ಯದ ಕಡೆ ಕೆಲಸಕ್ಕೆ ಹೋಗುವವರೆಂದೂ, ತಮ್ಮ ಗಲ್ಲಿಯ ಮೇಲೆ ಮೊನ್ನೆಯಿಂದ ಏನೋ ಒಂದು ಸುತ್ತುತ್ತಿದೆಯೆಂದೂ ಹೇಳಿದರು. ನೀವು ಒಮ್ಮೆ ಬಂದು ನೋಡಿ ಅದೇನೆಂದು ಒಂದು ಮಾತು ಹೇಳಬೇಕು ಎಂದರು.

“ನನಗೇನೂ ಗೊತ್ತಿಲ್ಲ” ಎಂದರು ಬಸವಲಿಂಗಪ್ಪನವರು. ಸ್ಪಷ್ಟವಾಗಿ ಹೇಳಿದರು. ಎರಡನೆಯ ಸಲ ಇನ್ನೂ ಸ್ಪಷ್ಟವಾಗಿ ಹೇಳಿದರು.

ಹಿರಿಯರು ಹಿಂದಿದ್ದವರ ಕಡೆ ಅರ್ಥಪೂರ್ಣವಾಗಿ ನೋಡಿ ದನಿ ತಗ್ಗಿಸಿದರು.

“ಗೊತ್ತಾಯ್ತು ಬಿಡಿ ಸಾರ್. ಇಲ್ಲಿ ಬೇಡ. ಒಳಗೆ ಕೂತ್ಕೊಂಡು ಮಾತಾಡೋಣ.”

ಬಸವಲಿಂಗಪ್ಪನವರು ದಡಬಡಿಸಿ ಎದ್ದರು. ಇವರ ಮುಖದ ಮೇಲೆ ಬಾಗಿಲು ಹಾಕಿ ಚಿಲಕ ಜಡಿದುಬಿಡಬೇಕೆಂದು ನಾಲ್ಕು ಹೆಜ್ಜೆ ಮುಂದೆ ಹೋಗಿ ಕೈ ಚಾಚಿದರು. ಬಾಗಿಲಿರಲಿಲ್ಲ. ಬಾಗಿಲಿದ್ದ ಕಡೆಯಲ್ಲಿ ಲಗ್ಗೆರೆಯವರು ಒಬ್ಬೊಬ್ಬರಾಗಿ ಚಪ್ಪಲಿ ಬಿಟ್ಟು, ಕಾಲೊರೆಸಿಕೊಂಡು, ಒಳಗೆ ಬರುತ್ತಿದ್ದರು.